ಅಪ್‌ಡೇಟ್: ತೀರಾ ಕಡಿಮೆ ಬಂದಿದ್ದ ಮನೆ ಅಪ್ರೈಸಲ್ ಏನಾಯ್ತು

ಅಟ್ಲಾಂಟಾ ಹತ್ತಿರದ ನಮ್ಮ ಮನೆಗೆ ರೀಫೈನಾನ್ಸ್‌ಗೆ (ಹಳೆ ಸಾಲದ ಬದಲು ಹೊಸ ಸಾಲ ತಗೊಳ್ಳೋಕೆ) ಮಾಡಿಸಿದ ಅಪ್ರೈಸಲ್, ಅಂದರೆ ಮನೆ ಬೆಲೆಯ ಅಂದಾಜು, ತೀರಾ ಕಡಿಮೆ ಬಂತು, ನನ್ನ ಗಂಡ ಕಪ್ಪು ಅಮೆರಿಕನ್, ಅವತ್ತು ಬೆಲೆ ಕಟ್ಟೋಕೆ ಬಂದ ಅಪ್ರೈಸರ್‌ಗೆ ಬಾಗಿಲು ತೆಗೆದಿದ್ದು ಅವರೇ, ಏನು ಮಾಡೋದು ಅಂತ ಹಿಂದೆ ನಿಮ್ಮನ್ನು ಕೇಳಿದ್ದೆ. ಈಗ ಸಾಲ ಪಾಸಾಗಿದೆ.

ಕೆಲಸಕ್ಕೆ ಬಂದಿದ್ದು, "ವರದಿ ಪೂರ್ತಿ ಓದಿ, ಮೌಲ್ಯ ಮರುಪರಿಶೀಲನೆಗೆ ಲಿಖಿತವಾಗಿ ಕೇಳಿ" ಎಂದವರ ಸಲಹೆ. ವರದಿಯ ಪ್ರತಿ ಕೊಡುವುದು ಸಾಲದಾತರ ಕಾನೂನು ಹೊಣೆಯಂತೆ. ಓದಿದರೆ, ಹೋಲಿಕೆಗೆ ತಗೊಂಡ ಮನೆಗಳೆಲ್ಲ ಹೆದ್ದಾರಿಯ ಆಚೆಗಿನ, ಕಪ್ಪು ಜನರೇ ಹೆಚ್ಚಿರುವ ಬಡಾವಣೆಯವು! ನಮ್ಮ ಬೀದಿಯಲ್ಲಿ ಈಚೆಗೆ ಮಾರಾಟವಾದ ಮನೆಗಳಲ್ಲಿ ಒಂದೂ ವರದಿಯಲ್ಲಿ ಇಲ್ಲ. ಅವನ್ನೇ ಪಟ್ಟಿ ಮಾಡಿ ಕಳಿಸಿದೆ. ಮೊದಲಿನ ಅಪ್ರೈಸರ್ ಬೆಲೆ ತಿದ್ದಲಿಲ್ಲ. ಬ್ಯಾಂಕೇ ಬೇರೊಬ್ಬರನ್ನು ಕಳಿಸಿತು, ಬೆಲೆ ಸರಿಯಾಗಿ ಬಂತು.

ಲೋನ್ ಆಫೀಸರ್ ಜೊತೆ ಫೋನಿನಲ್ಲಿ ಜಗಳಾಡಿದ್ದು ದಂಡ. ಬೆಲೆ ಏರಿಸಿ ಅಂತ ಅಪ್ರೈಸರ್ ಮೇಲೆ ಒತ್ತಡ ಹಾಕುವ ಹಾಗೇ ಇಲ್ಲ ಅವರು. ಕಪ್ಪು ಕುಟುಂಬದ ಮನೆ ಅಂತ ಅಪ್ರೈಸರ್‌ಗೆ ಗೊತ್ತಾಗದ ಹಾಗೆ ಫೋಟೋಗಳನ್ನೆಲ್ಲ ಇಳಿಸಿ, ಬಿಳಿ ಗೆಳೆಯರನ್ನು ಕೂರಿಸಿ ಅಂತ ಕೆಲವರು ಅಂದಿರಿ. ಇಲ್ಲಿ ಎಷ್ಟೋ ಜನ ಹಾಗೇ ಮಾಡ್ತಾರೆ, ಆದರೆ ನಮ್ಮ ಮದುವೆ ಫೋಟೋ ಇಳಿಸೋಕೆ ಇಬ್ಬರಿಗೂ ಮನಸ್ಸು ಬರಲಿಲ್ಲ.

ಗೊತ್ತಿಲ್ಲದೇ ಇದ್ದ ಸಂಗತಿ: ಬ್ಯಾಂಕುಗಳಿಂದ ಮನೆ ಸಾಲಗಳನ್ನು ಕೊಳ್ಳುವ ಅಮೆರಿಕದ ಸಂಸ್ಥೆ ಫ್ರೆಡ್ಡಿ ಮ್ಯಾಕ್‌ನ 2021ರ ಅಧ್ಯಯನದ ಪ್ರಕಾರ, ಕಪ್ಪು ಜನರು ಹೆಚ್ಚಿರುವ ಪ್ರದೇಶಗಳಲ್ಲಿ 12.5% ಅಪ್ರೈಸಲ್‌ಗಳು ಖರೀದಿ ಬೆಲೆಗಿಂತ ಕಡಿಮೆ. ಬಿಳಿಯರ ಪ್ರದೇಶಗಳಲ್ಲಿ 7.4%. ಅಂದರೆ ಬಾಗಿಲು ತೆಗೆದವರ ಮೈಬಣ್ಣವಷ್ಟೇ ಅಲ್ಲ, ಬಡಾವಣೆಯದ್ದೂ ಲೆಕ್ಕ.

ಅಮೆರಿಕ ಸರ್ಕಾರದ ಹೌಸಿಂಗ್ ಇಲಾಖೆ ಎಚ್‌ಯುಡಿಗೆ ತಾರತಮ್ಯದ ದೂರು ಕೊಡಲು 1 ವರ್ಷ ಅವಕಾಶವಿದೆ. ಅರ್ಜಿ ತುಂಬುತ್ತಿದ್ದೇವೆ.