ಥರ್ಸ್‌ಡೇ, ಗುರುವಾರ, ಬೇಸ್ತವಾರ: ಸಂಬಂಧ ಇದ್ಯಾ?

ಪ್ರಶ್ನೆ: ಥರ್ಸ್‌ಡೇ ಅಂದ್ರೆ ಸಿಡಿಲಿನ ದೇವರು ಥಾರ್‌ನ ದಿನ ಅಂತ ಓದ್ದೆ, ನಮ್ಮಲ್ಲಿ ಅದೇ ದಿನ ಗುರುವಾರ, ಇವೆರಡು ಹೇಗೆ ಸೇರ್ತು? ಗೊತ್ತಿರೋರು ಹೇಳಿ ಪ್ಲೀಸ್.

ಉತ್ತರ 1: ನಡುವೆ ರೋಮ್ ಇದೆ. ಅವ್ರಿಗೆ ಅದು ಜುಪಿಟರ್ ದಿನ, ಅಂದ್ರೆ ನಮ್ಮ ಗುರುಗ್ರಹ. ಜರ್ಮನಿಕ್ ಜನ (ಇಂಗ್ಲಿಷರ ಪೂರ್ವಿಕರೂ ಇವ್ರಲ್ಲೇ) ರೋಮನ್ ದೇವರ ಜಾಗದಲ್ಲಿ ತಮ್ಮವ್ರನ್ನ ಕೂರಿಸಿದ್ರು, ಜುಪಿಟರ್‌ಗೆ ಥಾರ್, ಮಾರ್ಸ್‌ಗೆ ಟೀವ್, ಅದೇ ಟ್ಯೂಸ್‌ಡೇ, ನಮ್ಮ ಮಂಗಳವಾರ, ಆದ್ರೆ ಸ್ಯಾಟರ್ನ್ ಮಾತ್ರ ಸ್ಯಾಟರ್‌ಡೇಲಿ ಹಾಗೇ ಉಳ್ಕೊಂಡ, ಅವನೇ ನಮ್ಮ ಶನಿ.

ಉತ್ತರ 2: ನಮ್ಮಜ್ಜಿ ಬೇಸ್ತವಾರ ಅಂತಿದ್ರು, ಬೃಹಸ್ಪತಿವಾರ ಸವೆದು ಆಗಿದ್ದು ಅದು! ಪಂಚಾಂಗದ ಹೋರೆ, ಅಂದ್ರೆ ಒಂದು ಗ್ರಹಕ್ಕೆ ಸೇರಿದ ಒಂದು ಗಂಟೆ, ಅದು ಕೂಡ ಗ್ರೀಕ್ ಮೂಲದ ಪದ. ವಾರದ ಕ್ರಮ ಬಂದಿದ್ದೂ ಈ ಹೋರೆ ಲೆಕ್ಕದಿಂದ್ಲೇ, 7 ಗ್ರಹಕ್ಕೆ ಸರದಿ ಮೇಲೆ ಒಂದೊಂದು ಗಂಟೆ, 24 ಗಂಟೆ ಮುಗಿದ್ಮೇಲೆ ಮಾರನೇ ದಿನದ ಮೊದಲ ಗಂಟೆ ಯಾರದ್ದೋ ಆ ದಿನಕ್ಕೆ ಅವ್ರ ಹೆಸರು.