ಕುಡಿತ ಬಿಟ್ಟವರ ವಾರದ ಸಭೆ: ಹಾಸನದ ಸುತ್ತಮುತ್ತ ಕನ್ನಡದಲ್ಲಿ ನಡೆಯುವುದಿದ್ದರೆ ಅನುಭವ ತಿಳಿಸಿ

ಪ್ರಶ್ನೆ, ಅರಸೀಕೆರೆಯಿಂದ:
ನಮ್ಮ ಯಜಮಾನರು ಇಪ್ಪತ್ತೊಂದು ದಿನ ಆಸ್ಪತ್ರೆಯಲ್ಲಿದ್ದು ಕಳೆದ ತಿಂಗಳು ಮನೆಗೆ ಬಂದರು. ವಾರಕ್ಕೊಮ್ಮೆಯಾದರೂ ಕುಡಿತ ಬಿಟ್ಟವರ ಸಭೆಗೆ ಹೋಗಲೇಬೇಕೆಂದು ವೈದ್ಯರು ಹೇಳಿ ಕಳುಹಿಸಿದರು. ಎಲ್ಲಿಗೆ ಎಂದು ಹೇಳಲಿಲ್ಲ. ಇವರಿಗೆ ಇಂಗ್ಲಿಷ್ ಬಾರದು, ಊರಿನವರ ಕಣ್ಣಿಗೆ ಬೀಳುವುದು ಬೇಡ, ಅಂಗಡಿಗೆ ಭಾನುವಾರ ಮಾತ್ರ ರಜೆ. ಹೋಗಿ ಬಂದವರು ದಯವಿಟ್ಟು ತಿಳಿಸಿ.

ತುಮಕೂರಿನಿಂದ:
ಅಕ್ಕ, ನಾನು ಎಎ, ಅಂದರೆ ಕುಡಿತ ಬಿಡಬೇಕೆನ್ನುವವರು ಹೆಸರು ಹೇಳದೆ ಸೇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದ ಸದಸ್ಯ, ಹನ್ನೊಂದು ವರ್ಷವಾಯಿತು. ಆಗ ನನಗೆ ಯಾರೂ ದಾರಿ ತೋರಿಸಲಿಲ್ಲ; ಬೆಂಗಳೂರಿನ ಒಂದು ಚರ್ಚಿನ ಹಿಂದಿನ ಕೊಠಡಿಯನ್ನು ಹುಡುಕಿಕೊಂಡು ಹೋದೆ. ಮೊದಲ ಆರು ಮೀಟಿಂಗ್‌ಗಳಲ್ಲಿ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಮೊದಲ ವರ್ಷ 61 ಬಾರಿ ಹೋಗಿದ್ದೇನೆ, ಲೆಕ್ಕ ಬರೆದಿಟ್ಟಿದ್ದೇನೆ: ಬಸ್ಸಿಗೆ ಹೋಗಿ ಬರಲು 120, ತಿಂಡಿಗೆ 40, ಅಲ್ಲಿ ಕಾಣಿಕೆ ತಟ್ಟೆ ಬಂದಾಗ 10, ಒಟ್ಟು 10,370 ರೂಪಾಯಿ. ಶುಲ್ಕವೆಂಬುದಿಲ್ಲ, ಹೊರಗಿನವರ ದೇಣಿಗೆಯನ್ನೂ ಪಡೆಯುವುದಿಲ್ಲ. ಇಷ್ಟಾಗಿಯೂ ತೊಂಬತ್ತನಾಲ್ಕನೆಯ ದಿನ, ಭಾವಮೈದುನನ ಮದುವೆಯ ಹಿಂದಿನ ರಾತ್ರಿ, ಮತ್ತೆ ಕುಡಿದೆ. ಮರುದಿನ ನನ್ನ ಸ್ಪಾನ್ಸರ್, ಅಂದರೆ ನನಗೆ ಜೊತೆಯಾಗಿ ನಿಂತ ಹಳೆಯ ಸದಸ್ಯರು, ಛತ್ರಕ್ಕೇ ಬಂದು ನನ್ನನ್ನು ಕರೆದುಕೊಂಡು ಹೋದರು, ಒಂದು ಮಾತೂ ಬೈಯಲಿಲ್ಲ. ಎಣಿಕೆಯನ್ನು ಮತ್ತೆ ಒಂದರಿಂದ ಆರಂಭಿಸಿದೆ.

ಬೆಳ್ತಂಗಡಿ ತಾಲೂಕಿನಿಂದ:
ಹೆಸರು ಮುಚ್ಚಿಟ್ಟುಕೊಂಡು ಹೋಗುವ ಸಭೆಗಳ ಮೇಲೆ ನನಗೆ ನಂಬಿಕೆಯಿಲ್ಲ. ನಾನು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರದಲ್ಲಿ ಎಂಟು ದಿನ ಇದ್ದವನು. ಊರಿನವರೇ ಅಕ್ಕಿ, ತರಕಾರಿ ಕೊಟ್ಟರು. ಹೆಂಡತಿ ಅಡವಿಟ್ಟಿದ್ದ ಕರಿಮಣಿಯನ್ನು ನಾನೇ ಕೂಲಿ ಮಾಡಿ ಹದಿನಾಲ್ಕು ತಿಂಗಳಲ್ಲಿ ಬಿಡಿಸಿಕೊಂಡೆ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಎಂದು ಮಾಡಿಕೊಂಡು ಈಗಲೂ ಸೇರುತ್ತೇವೆ. ಊರಿಗೆಲ್ಲ ಗೊತ್ತಿರುವುದರಿಂದಲೇ ಅಂಗಡಿಯವನು ನನಗೆ ಕೊಡಲು ಹೆದರುತ್ತಾನೆ. ಚರ್ಚಿನ ಕೊಠಡಿಯಲ್ಲಿ ಏನೇನು ಕಲಿಸುತ್ತಾರೋ ಯಾರು ಬಲ್ಲರು?

ತುಮಕೂರಿನಿಂದ:
ಬಾಡಿಗೆ ಕಡಿಮೆಯೆಂದು ಆ ಕೊಠಡಿ, ಅಷ್ಟೇ. ನನ್ನ ಪಕ್ಕದಲ್ಲಿ ಕೂರುತ್ತಿದ್ದವರು ಶಾಲಗ್ರಾಮ ಪೂಜಿಸುವವರು, ಎದುರಿಗೆ ಇದ್ದವರು ಐದು ಹೊತ್ತು ನಮಾಜು ಮಾಡುವವರು. ನೋಡದೆ ಮಾತಾಡಬೇಡಿ, ಸ್ವಾಮಿ. ಹೆಸರು ಹೇಳದಿರುವುದು ನಾಚಿಕೆಯಿಂದಲ್ಲ. ಆ ಭರವಸೆ ಇಲ್ಲದಿದ್ದರೆ ಸರ್ಕಾರಿ ನೌಕರನಾದ ನಾನು ಆ ಬಾಗಿಲನ್ನೇ ದಾಟುತ್ತಿರಲಿಲ್ಲ.

ಹುಬ್ಬಳ್ಳಿಯಿಂದ:
ನೀವಿಬ್ಬರೂ ಸ್ವಂತ ಕಾಲಿನಲ್ಲಿ ನಡೆದುಹೋದ ಗಂಡಸರು. ನಮ್ಮವರನ್ನು ನಾನು ವ್ಯಾನಿನಲ್ಲಿ ಎತ್ತಿಸಿ ಒಂದು ಖಾಸಗಿ ಕೇಂದ್ರಕ್ಕೆ ಹಾಕಿಸಿದೆ. ವ್ಯಾನಿಗೆ 3,500, ಪ್ರವೇಶಕ್ಕೆ 10,000, ತಿಂಗಳಿಗೆ 15,000ದಂತೆ ಮೂರು ತಿಂಗಳು, ಔಷಧಿಗೆ 6,400. ಎರಡೂ ಬಳೆಗಳು ಹೋದವು. ಬಿಟ್ಟು ಕಳುಹಿಸಿದ ದಿನವೇ ಬಸ್ ನಿಲ್ದಾಣದ ಎದುರು ಇಳಿದು ಕುಡಿದರು. ಆಮೇಲೆ ಯಾರೋ ಹೇಳಿದರೆಂದು ಕುಡಿದರೆ ಮೈಗೆ ಆಗದಂತೆ ಮಾಡುವ ಡೈಸಲ್ಫಿರಾಮ್ ಮಾತ್ರೆಯನ್ನು ಅವರಿಗೆ ತಿಳಿಯದಂತೆ ಸಾರಿನಲ್ಲಿ ಹಾಕತೊಡಗಿದೆ. ನಾಲ್ಕನೆಯ ದಿನ ಮುಖವೆಲ್ಲ ಕೆಂಪಾಗಿ, ವಾಂತಿಯಾಗಿ, ಎದೆ ಹಿಡಿದುಕೊಂಡು ಬಿದ್ದರು. ಎರಡು ದಿನದ ತೀವ್ರ ನಿಗಾ ಘಟಕಕ್ಕೆ 38,000. ಈಗ ನಾನು ಮನೆಯವರಿಗಾಗಿ ನಡೆಯುವ ಅಲ್-ಅನಾನ್ ಸಭೆಯಲ್ಲಿ ಫೋನಿನ ಮೂಲಕ ಕೂರುತ್ತೇನೆ. ಅವರು ಇನ್ನೂ ಕುಡಿಯುತ್ತಾರೆ. ನನಗೆ ಮಾತ್ರ ರಾತ್ರಿ ನಿದ್ದೆ ಬರುತ್ತಿದೆ.

ಮೈಸೂರಿನಿಂದ:
ಅಮ್ಮ, ನೀವು ಮಾಡಿದ್ದು ಕೊಲೆಗೆ ಸಮಾನ. ಆ ಮಾತ್ರೆಯನ್ನು ರೋಗಿಗೆ ತಿಳಿಸಿ, ಅವನು ಒಪ್ಪಿದ ಮೇಲೆಯೇ ಕೊಡಬೇಕು. ನಿಲ್ಲಿಸಿದ ಎರಡು ವಾರದವರೆಗೂ ಅದರ ಪ್ರಭಾವ ಉಳಿಯಬಹುದು. ನಾನು ಇಪ್ಪತ್ತೆರಡು ವರ್ಷ ಶುಶ್ರೂಷಕನಾಗಿದ್ದವನು. ಸಭೆ, ಶಿಬಿರ ಎಂದು ಓಡುವವರಿಗೂ ಇದೇ ಮಾತು: ನನ್ನ ಸ್ವಂತ ತಮ್ಮ ಹಟದಿಂದ ಕುಡಿತವನ್ನು ಒಮ್ಮೆಗೇ ಪೂರ್ತಿ ಬಿಟ್ಟ, ಮೂರನೆಯ ದಿನ ಕೈ ನಡುಗಿ, ಗೋಡೆಯ ಮೇಲೆ ಹುಳು ಹರಿಯುತ್ತಿದೆ ಎಂದು ಕೂಗಿ, ಫಿಟ್ಸ್ ಬಂದು ತೀರಿಕೊಂಡ. ಆಗ ಅವನಿಗೆ ಬೇಕಾಗಿದ್ದುದು ಭಜನೆಯಲ್ಲ, ಥಯಾಮಿನ್ (ಬಿ1 ವಿಟಮಿನ್) ಚುಚ್ಚುಮದ್ದು ಮತ್ತು ನಡುಕ ತಡೆಯುವ ಮಾತ್ರೆ.

ಬೆಳ್ತಂಗಡಿ ತಾಲೂಕಿನಿಂದ:
ನಮ್ಮ ಶಿಬಿರದಲ್ಲಿ ವೈದ್ಯರು ಬಂದು ಎಲ್ಲರನ್ನೂ ಪರೀಕ್ಷಿಸಿದ್ದರು. ನಿಮ್ಮ ತಮ್ಮನ ಸಾವಿಗೆ ನನಗೂ ದುಃಖವಿದೆ, ಆದರೆ ಭಜನೆಯನ್ನು ಹೀಗಳೆಯಬೇಡಿ. ಆ ಎಂಟು ರಾತ್ರಿ ನನ್ನನ್ನು ಉಳಿಸಿದ್ದು ಅದೇ.

ಹುಬ್ಬಳ್ಳಿಯಿಂದ:
ಕೊಲೆ ಎಂದು ಬರೆಯುವ ಮೊದಲು ನನ್ನ ಮನೆಯಲ್ಲಿ ಒಂದು ರಾತ್ರಿ ಕಳೆಯಬೇಕಿತ್ತು ನೀವು. ತಪ್ಪೆಂದು ತಿಳಿದದ್ದರಿಂದಲೇ ಇಲ್ಲಿ ಬರೆದೆ. ಇನ್ನೊಬ್ಬ ಹೆಂಗಸು ಹಾಗೆ ಮಾಡಬಾರದೆಂದು. ಆ ಕೇಂದ್ರ ನೋಂದಣಿಯನ್ನೇ ಮಾಡಿಸಿರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ನೋಂದಣಿ ಕಡ್ಡಾಯವೆಂದು ನನಗೆ ತಿಳಿದದ್ದು ಬಳೆ ಹೋದ ಮೇಲೆ.

ಮೈಸೂರಿನಿಂದ:
ಆ ಪದವನ್ನು ಹಿಂದಕ್ಕೆ ಪಡೆಯುತ್ತೇನೆ, ತಾಯಿ. ತಮ್ಮನ ನೆನಪು ಬಂದು ಹಾಗೆ ಬರೆದೆ.

ಅರಸೀಕೆರೆಯಿಂದ:
ಎಲ್ಲರ ಮಾತನ್ನೂ ಇವರಿಗೆ ಓದಿ ಹೇಳಿದೆ. ವ್ಯಸನ ಬಿಡಿಸುವ ಸರ್ಕಾರಿ ಸಹಾಯವಾಣಿ 14446ಕ್ಕೂ ಕರೆ ಮಾಡುತ್ತೇನೆ. ಭಾನುವಾರದ ಕನ್ನಡ ಸಭೆ ಇದೆಯೇ, ಅಷ್ಟು ಹೇಳಿ.

ತುಮಕೂರಿನಿಂದ:
ಕ್ಷಮಿಸಿ ಅಕ್ಕ, ನನ್ನ ಕಥೆಯಲ್ಲೇ ಮುಳುಗಿಬಿಟ್ಟೆ. ನಾನು ಹೋಗುವ ಮೀಟಿಂಗ್ ಭಾನುವಾರವೇ, ಪೂರ್ತಿ ಕನ್ನಡದಲ್ಲಿ. ತಿಂಗಳ ಕೊನೆಯ ವಾರ ಓಪನ್ ಮೀಟಿಂಗ್ ಇರುತ್ತದೆ, ನೀವೂ ಬರಬಹುದು. ಉಳಿದ ವಾರಗಳಲ್ಲಿ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಅರಸೀಕೆರೆಯಿಂದ ಬೆಂಗಳೂರಿಗೆ ಬೆಳಗಿನ ರೈಲಿಗೆ ಅವರನ್ನು ಹತ್ತಿಸಿ, ಬೋಗಿ ಯಾವುದೆಂದು ನನಗೆ ತಿಳಿಸಿ. ತುಮಕೂರಿನಲ್ಲಿ ನಾನು ಅದೇ ಬೋಗಿಗೆ ಹತ್ತುತ್ತೇನೆ.