ಬಸ್ಸಿನ್ಯಾಗ ಪುಸ್ತಕ ಓದೋದು ನಿಂತುಹೋಗ್ಯದ, ಏನ್ ಮಾಡ್ಲಿ?

ಪ್ರಶ್ನೆ (ಕನ್ನಡ ಶಿಕ್ಷಕಿ, ಕಲಬುರಗಿ)
ಹನ್ನೊಂದು ವರ್ಷದಿಂದ ದಿನಾ ಸೇಡಂಗೆ ಬಸ್ಸಿಗೆ ಹೋಗಿ ಬರ್ತೀನಿ. ಮೊದಲೆಲ್ಲ ಕಿಟಕಿ ಸೀಟು ಸಿಕ್ರ ಸಾಕು, ಮಳಖೇಡದಾಗ ಕಾಗಿಣಾ ಸೇತುವೆ ಬರೋದ್ರಾಗ ಇಪ್ಪತ್ತು ಪುಟ ಮುಗೀತಿದ್ವು. ಈಗ ಬ್ಯಾಗಿನ್ಯಾಗಿನ ಕಾದಂಬರಿ ದೀಪಾವಳಿಯಿಂದ 64ನೇ ಪುಟದಾಗೇ ಅದ. ಎರಡು ಪ್ಯಾರಾ ಓದೋದ್ರಾಗ ಕೈ ತಾನಾಗೇ ಮೊಬೈಲಿಗೆ ಹೋಗ್ತದ. ಯಾವ ಮೆಸೇಜೂ ಬಂದಿರಂಗಿಲ್ಲ, ಆದ್ರೂ ನೋಡ್ತೀನಿ. ತಿರುಗಿ ಪುಸ್ತಕಕ್ಕ ಬಂದ್ರ ಮಾತಾಡ್ತಿದ್ದವ ಅಣ್ಣನೋ ಭಾವನೋ ಮರ್ತಿರ್ತದ.

ಹೋದ ವಾರ ಕವಿರಾಜಮಾರ್ಗದ ‘ಕುರಿತೋದದೆಯುಂ’ ಸಾಲು ಪಾಠ ಮಾಡಿದೆ. ಓದು ಕಲೀದಿದ್ರೂ ಕಾವ್ಯ ಬಲ್ಲವರು ಅಂತ ನಮ್ಮ ಮಂದಿನ್ನ ಹೊಗಳಿದ್ದು, 9ನೇ ಶತಮಾನದಾಗ, ಇದೇ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಆಸ್ಥಾನದಾಗ. ಕೇಳಿಯೇ ಕಲಿತವರಿಗೆ ಎಷ್ಟು ಗಮನ ಇದ್ದಿರಬೇಕು! ಪಾಠ ಮಾಡೋ ನನಗೇ ಅದು ಇಲ್ಲಂದ್ರ ಮಕ್ಕಳಿಗೆ ಏನಂತ ಹೇಳ್ಲಿ? ಇದು ವಯಸ್ಸೋ, ಮೊಬೈಲೋ? ಯಾರರ ಇದರಿಂದ ಹೊರಗ ಬಂದೀರೇನ್ರಿ?

ಉತ್ತರ (ಪರೀಕ್ಷೆಗೆ ಓದೋ ಹುಡುಗ, ಬೀದರ್)
ಅಕ್ಕಾರ, ವಯಸ್ಸಲ್ರಿ. ನನಗ 24, ನನ್ನದೂ ಅದೇ ಕಥಿ. ಮೊಬೈಲಿನ್ಯಾಗ ಪಿಡಿಎಫ್ ಓದಿದಾಗ ಎಲ್ಲಾ ತಿಳೀತು ಅನಿಸ್ತದ, ಅಣಕು ಪರೀಕ್ಷೆಗೆ ಕೂತ್ರ ಒಂದೂ ನೆನಪಾಗಂಗಿಲ್ಲ. 54 ಅಧ್ಯಯನ, 1,70,000ಕ್ಕೂ ಹೆಚ್ಚು ಮಂದಿನ್ನ ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆ 2018ರಾಗ ಬಂದದ. ಕಾಗದದ ಮ್ಯಾಲ ಓದಿದವರಿಗೆ ಸ್ವಲ್ಪ ಹೆಚ್ಚು ತಿಳಿದಿತ್ತು, ಟೈಮ್ ಕಟ್ಟಿ ಓದಿಸಿದಾಗ ಅಂತರ ಇನ್ನೂ ಹೆಚ್ಚು. ಆದ್ರ ಬರೇ ಕಥಿ ಓದೋವಾಗ ಆ ಅಂತರ ಕಾಣಲಿಲ್ಲ. ನಿಮ್ಮ ಕೈಯಾಗಿರೋದು ಕಾಗದ, ಅದೂ ಕಾದಂಬರಿ! ಹಂಗಾಗಿ ನಿಮ್ಮ ತೊಂದರೆ ಪರದೆ ಅಲ್ಲ, ನಡುನಡುವ ಓದು ಬಿಟ್ಟು ಮೊಬೈಲಿಗೆ ಹೋಗೋದು. ಒಂದು ಕೆಲಸ ಅರ್ಧಕ್ಕ ಬಿಟ್ಟು ಇನ್ನೊಂದಕ್ಕ ಹೋದ್ರ ಮನಸ್ಸಿನ ಒಂದು ತುಂಡು ಹಿಂದೇ ಉಳೀತದ. ಮೊಬೈಲ್ ಬುತ್ತಿ ಚೀಲದ ತಳಕ್ಕ ಹಾಕಿ ನೋಡ್ರಿ.

ಉತ್ತರ (ನಿವೃತ್ತ, ಯಾದಗಿರಿ)
ಮೊಬೈಲ್‌ನ್ನ ಪೂರಾ ಬೈಬ್ಯಾಡ್ರಿ ತಾಯಿ. ನನ್ನ ಕಣ್ಣಾಗ ಪೊರೆ ಬಂದದ, ಅಚ್ಚಿನ ಅಕ್ಷರ ಕಾಣಂಗಿಲ್ಲ. ಮೊಬೈಲಿನ್ಯಾಗ ಅಕ್ಷರ ದೊಡ್ಡದು ಮಾಡಿಕೊಂಡು, ಇಂಟರ್ನೆಟ್ ಬಂದ್ ಮಾಡಿ, ದಿನಾ ಮುಂಜಾನೆ ಒಂದೇ ಒಂದು ವಚನ ಓದ್ತೀನಿ. ಮೂರು ಸಲ, ಬಾಯಿಬಿಟ್ಟು. ಮೊಮ್ಮಗ ಹಲ್ಲುಜ್ಜೋದು ಬಿಟ್ಟು ನಿಂತು ಕೇಳ್ತಾನ. ನೀವು ಸೀದಾ ಇಪ್ಪತ್ತು ಪುಟಕ್ಕ ಹೋಗಬ್ಯಾಡ್ರಿ.

ಪ್ರಶ್ನೆ ಕೇಳಿದವರು
ತಮ್ಮಾ, ಸೋಮವಾರದಿಂದ ಮೊಬೈಲ್ ಚೀಲದ ತಳಕ್ಕ ಅದ, ಮ್ಯಾಲ ರೊಟ್ಟಿ ಡಬ್ಬಿ. ಮೊದಲ ದಿನ ನಾಕೇ ಪುಟ, ಕೈ ಮಾತ್ರ ಐದಾರು ಸಲ ಚೀಲಕ್ಕ ಹೋಯ್ತು. ಬುಧವಾರ ಮಗಳ ಫೋನ್ ತಪ್ತು, ಈಗ ಮನಿಯವರ ರಿಂಗ್ ಜೋರು ಇಟ್ಟೀನಿ. ನಿನ್ನೆ ಸೇತುವೆ ಬರೋದ್ರಾಗ ಒಂಬತ್ತು ಪುಟ. ಕಾಕಾರ, ನಾಳೆಯಿಂದ ತರಗತಿಯಾಗ ಮೊದಲ ಐದು ನಿಮಿಷ ಒಂದು ವಚನ, ಬಾಯಿಬಿಟ್ಟು.